ಕಾರ್ಬುರೇಟರ್‌ಗೆ ಕೊನೆಯ ಸರದಿ

ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸಲು ಧಾರಾಳ ಜಾಗ. ಪ್ಲಗ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪು ಎಲ್ಲವೂ ಬರಿಗಣ್ಣಿಗೆ ಕಾಣುತ್ತವೆ. ಈ ಅನುಕೂಲವೇ ಎಷ್ಟೋ ಸಲ ಆ ಕಾರಿಗೆ ಮುಳುವಾಗಿದೆ. ಪಿಕಪ್ ಸ್ವಲ್ಪ ಕಡಿಮೆಯಾದರೆ ಸಾಕು, ಯಾರೋ ಒಬ್ಬರು ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರ್‌ಗೆ ಕೈಹಾಕುತ್ತಾರೆ. ಸ್ಕ್ರೂ ತಿರುಗಿಸಿದ ಕೂಡಲೇ ಸದ್ದು ಬದಲಾಗುವುದರಿಂದ ರೋಗ ಸಿಕ್ಕಿತೆಂದೇ ಅನಿಸುತ್ತದೆ. ಆದರೆ ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಮೊದಲು ವಾಲ್ವು ನೋಡಬೇಕು, ಆಮೇಲೆ ಕಿಡಿ, ಕಾರ್ಬುರೇಟರ್ ಎಲ್ಲಕ್ಕಿಂತ ಕೊನೆಗೆ. ಈ ಸರದಿಗೆ ಕಾರಣ ಎಂಜಿನ್ನಿನ ಒಳಗೇ ಇದೆ.

ಪದ್ಮಿನಿಯ ಎಂಜಿನ್ 1089 ಸಿ.ಸಿ.ಯದು. ಸಿಲಿಂಡರಿನ ಅಡ್ಡಳತೆ 68 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಇಟಲಿಯ ಫಿಯಟ್ ಕಂಪನಿ 1937ರಲ್ಲೇ ತನ್ನ 1100 ಕಾರಿಗೆ ಇದೇ ಅಳತೆಯ ಎಂಜಿನ್ ಕೂರಿಸಿತ್ತು. 1964ರಲ್ಲಿ ಮುಂಬೈನ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ತಯಾರಾಗತೊಡಗಿತು. ಮುಂದೆ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. ಎರಡನೇ ಮಹಾಯುದ್ಧಕ್ಕೂ ಮುಂಚಿನ ಲೆಕ್ಕಾಚಾರ ನಮ್ಮ ರಸ್ತೆಗಳಲ್ಲಿ ಶತಮಾನದ ಕೊನೆಯವರೆಗೂ ಓಡಿತು ಎನ್ನುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಒಳಗೆ ನಾಲ್ಕು ಪಿಸ್ಟನ್ನುಗಳು ಎರಡು ಜೋಡಿಯಾಗಿ ಓಡುತ್ತವೆ. ಒಂದು ಮತ್ತು ನಾಲ್ಕು ಮೇಲಿದ್ದಾಗ ಎರಡು ಮತ್ತು ಮೂರು ಕೆಳಗೆ. ಕಿಡಿ ಬೀಳುವ ಕ್ರಮ 1-3-4-2. ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಯಾವುದಾದರೊಂದು ಸಿಲಿಂಡರಿನಲ್ಲಿ ಬೆಂಕಿ ಹೊತ್ತಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತಿರುತ್ತದೆ. ಬೆಂಕಿಗೆ ಮೊದಲು ಬೇಕಾದದ್ದು ಒತ್ತಡ. ವಾಲ್ವುಗಳು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಒತ್ತಡ ಸೋರಿಹೋಗುತ್ತದೆ, ಆಮೇಲೆ ಎಂಥ ಕಿಡಿ ಕೊಟ್ಟರೂ ಎಷ್ಟು ಪೆಟ್ರೋಲ್ ಸುರಿದರೂ ಪ್ರಯೋಜನವಿಲ್ಲ. ವಾಲ್ವಿನ ಸರದಿ ಮೊದಲು ಬರುವುದು ಇದಕ್ಕೇ.

ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಟ್ಯಾಪೆಟ್ ಸೆಟ್ಟಿಂಗ್ ಎನ್ನುವುದು ಈ ಸಂದನ್ನು ಫೀಲರ್ ಗೇಜಿನಿಂದ ಅಳೆದು ಸರಿಪಡಿಸುವ ಕೆಲಸ. ಕಾದಾಗ ವಾಲ್ವಿನ ಕಡ್ಡಿ ಉದ್ದವಾಗುತ್ತದೆ; ಸಂದು ಇಲ್ಲದಿದ್ದರೆ ಅದು ಪೀಠದ ಮೇಲೆ ಪೂರ್ತಿ ಕೂರಲಾರದು. ಹೊಗೆ ಹೊರಹಾಕುವ ಎಕ್ಸಾಸ್ಟ್ ವಾಲ್ವಿಗಂತೂ ಇದು ಜೀವನ್ಮರಣದ ಪ್ರಶ್ನೆ. ಅದು ತನ್ನ ಬಿಸಿಯ ಬಹುಪಾಲನ್ನು ಕಳೆದುಕೊಳ್ಳುವುದು ಪೀಠಕ್ಕೆ ಒತ್ತಿ ಕೂತ ಆ ಚೂರು ಹೊತ್ತಿನಲ್ಲೇ. ಸರಿಯಾಗಿ ಕೂರದ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಆದ್ದರಿಂದ ಟ್ಯಾಪೆಟ್ಟಿನ ಸಣ್ಣ ಟಿಕ್‌ಟಿಕ್ ಸದ್ದಿಗೆ ಹೆದರಬೇಕಾಗಿಲ್ಲ. ಸದ್ದೇ ಇಲ್ಲದಂತೆ ಬಿಗಿಮಾಡಿ ಕಳಿಸುವ ಮೆಕ್ಯಾನಿಕ್ ಕಂಡರೆ ಮಾತ್ರ ನನಗೆ ದಿಗಿಲು.

ಹಳೆಯ ಅಂಬಾಸಡರಿನಲ್ಲಿ ಈ ಸಂದಿನ ಮೇಲೆ ಕಣ್ಣಿಡಲು ಇನ್ನೊಂದು ಕಾರಣವಿದೆ. ಅದರ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಎಕ್ಸಾಸ್ಟ್ ವಾಲ್ವಿನ ಪೀಠಕ್ಕೆ ಸೀಸವೇ ರಕ್ಷೆಯ ಲೇಪವಾಗಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಗಾಳಿಗೆ, ಮಕ್ಕಳ ಮಿದುಳಿಗೆ ಅದು ದೊಡ್ಡ ಉಪಕಾರ. ಆದರೆ ಗಟ್ಟಿ ಪೀಠ ಹಾಕಿಸದ ಹಳೆಯ ಎಂಜಿನ್ನುಗಳಲ್ಲಿ ವಾಲ್ವು ನಿಧಾನವಾಗಿ ಪೀಠವನ್ನು ತಿಂದು ಒಳಗಿಳಿಯುತ್ತದೆ, ಸಂದು ತಾನಾಗಿ ಕಿರಿದಾಗುತ್ತದೆ.

ಟ್ಯಾಪೆಟ್ ಹೊಂದಿಸಲು ಜೋಡಿಯ ಲೆಕ್ಕ ತಿಳಿದರೆ ಸಾಕು. ಸಿಲಿಂಡರುಗಳ ಸಂಖ್ಯೆಯ ಮೊತ್ತ ಐದಾಗಬೇಕು. ನಾಲ್ಕನೆಯದರಲ್ಲಿ ಒಂದು ವಾಲ್ವು ಮುಚ್ಚುತ್ತ ಇನ್ನೊಂದು ತೆರೆಯುತ್ತಿರುವಾಗ ಒಂದನೆಯದರ ಎರಡೂ ವಾಲ್ವು ಪೂರ್ತಿ ಮುಚ್ಚಿರುತ್ತವೆ. ಆಗ ಒಂದನೆಯದನ್ನು ಅಳೆಯಬೇಕು. ಹಾಗೆಯೇ ಮೂರನ್ನು ನೋಡಿಕೊಂಡು ಎರಡನ್ನು.

ಇನ್ನು ಕಿಡಿ. ನಿಮಿಷಕ್ಕೆ 3000 ಸುತ್ತು ಓಡುವ ಎಂಜಿನ್ನಿಗೆ ಸೆಕೆಂಡಿಗೆ ನೂರು ಕಿಡಿ ಬೇಕು. ಅಂದರೆ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತದೆ. ತೆರೆದ ಗಳಿಗೆಯಲ್ಲಿ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು, ಬ್ಯಾಟರಿಯ 12 ವೋಲ್ಟಿನಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಪಕ್ಕದ ಪುಟ್ಟ ಕಂಡೆನ್ಸರ್ ಕೆಟ್ಟರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಾಯಿಂಟ್‌ನಲ್ಲೇ ಹಾರಿ ಅದನ್ನು ಸುಡುತ್ತದೆ. ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಕಂಡೆನ್ಸರನ್ನು.

ಪಾಯಿಂಟ್‌ನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಸವೆದಷ್ಟೂ ಸಂದು ಕಿರಿದಾಗಿ, ತೆರೆಯುವುದು ತಡವಾಗಿ, ಕಿಡಿಯೂ ತಡವಾಗುತ್ತದೆ. ತಡವಾದರೆ ಏನಂತೆ? ಪೆಟ್ರೋಲ್ ಆವಿ ಒಮ್ಮೆಲೇ ಸಿಡಿಯುವುದಿಲ್ಲ, ಉರಿ ಹರಡಲು ಎರಡು-ಮೂರು ಮಿಲಿಸೆಕೆಂಡ್ ಬೇಕು. 3000 ಸುತ್ತಿನ ವೇಗದಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಬಿದ್ದಿರಬೇಕು. ತಡವಾದರೆ ಶಕ್ತಿ ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ: ಪಿಕಪ್ ಇಲ್ಲ, ಘಾಟಿ ಹತ್ತುವಾಗ ನೀರು ಕುದಿಯುತ್ತದೆ. ತೀರಾ ಬೇಗ ಬಿದ್ದರೆ ನಾಕಿಂಗ್. ಮೊದಲು ಪಾಯಿಂಟ್ ಸಂದು, ಆಮೇಲೆ ಟೈಮಿಂಗ್, ಅಂದರೆ ಕಿಡಿ ಬೀಳುವ ಗಳಿಗೆ. ಈ ಕ್ರಮ ತಿರುಗುಮುರುಗಾದರೆ ಮಾಡಿದ ಟೈಮಿಂಗ್ ಮತ್ತೆ ಕೆಡುತ್ತದೆ. 12 ವೋಲ್ಟಿನ ಒಂದು ಬಲ್ಬನ್ನು ಕಾಯಿಲ್‌ನ ಪಾಯಿಂಟ್ ಕಡೆಯ ತುದಿಗೂ ಬಾಡಿಗೂ ಕೊಟ್ಟು ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿದರೆ, ಪಾಯಿಂಟ್ ತೆರೆದ ಕ್ಷಣ ಬಲ್ಬು ಹೊತ್ತುತ್ತದೆ; ಕಿಡಿ ಬೀಳುವುದು ಆಗಲೇ. ಕಿಡಿ ತಡವಾಗಿ ನೀರು ಕುದಿಯುವುದನ್ನಂತೂ ಅಲಕ್ಷಿಸಲೇಬಾರದು. ಪದ್ಮಿನಿಯ ಹೆಡ್ ಅಲ್ಯೂಮಿನಿಯಮ್ಮಿನದು, ಬ್ಲಾಕ್ ಎರಕದ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಅತಿ ಕಾದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ.

ಇಷ್ಟೂ ಸರಿಯಿದೆ ಎಂದಾದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ಬೆಂಗಳೂರಿನ ಆಡುಗೋಡಿಯ ಮೈಕೋ ಪ್ಲಗ್ ಕಾಲದಿಂದಲೂ ನಮ್ಮ ಮೆಕ್ಯಾನಿಕ್‌ಗಳು ಎಂಜಿನ್ನಿನ ಆರೋಗ್ಯ ಓದುತ್ತಿದ್ದದ್ದು ಪ್ಲಗ್ಗಿನ ಬಣ್ಣದಲ್ಲಿ. ಬಿಸ್ಕತ್ತಿನ ಕಂದು ಇದ್ದರೆ ಕ್ಷೇಮ. ಒಣ ಮಸಿ ಪೆಟ್ರೋಲ್ ಹೆಚ್ಚಾದದ್ದರ ಗುರುತು. ಎಣ್ಣೆ ಜಿಡ್ಡಿನ ಕಪ್ಪಾದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಅದಕ್ಕೆ ಕಾರ್ಬುರೇಟರ್ ಏನೂ ಮಾಡಲಾರದು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಒಳಗೇ ಬೇಯುತ್ತಿದೆ.

ಈ ಬಿಳಿ ಬಣ್ಣ ಈಗ ಹೆಚ್ಚಾಗಿ ಕಾಣಸಿಗುವುದಕ್ಕೆ ಕಾರಣ ಬಂಕಿನಲ್ಲಿದೆ. 2025ರ ಹೊತ್ತಿಗೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಎಲ್ಲೆಡೆ ಸಿಗುವಂತಾಯಿತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ ಒಂಬತ್ತೇ ಕಿಲೋ ಸಾಕು. ಬೆರಕೆಗೆ ಸುಮಾರು 13.5 ಕಿಲೋ. ಹೊಸ ಕಾರಿನ ಆಕ್ಸಿಜನ್ ಸೆನ್ಸರ್ ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ಕಾರ್ಬುರೇಟರಿನ ಹಿತ್ತಾಳೆ ಜೆಟ್ಟಿಗೆ ಆ ಅರಿವಿಲ್ಲ, ಅದರ ತೂತು ಇದ್ದಷ್ಟೇ. ಮಂಡ್ಯದ ಕಬ್ಬಿನಿಂದ ಬಂದ ಎಥನಾಲ್ ರೈತನಿಗೆ ಒಳಿತು ಮಾಡಲಿ. ಪದ್ಮಿನಿ ಇಟ್ಟುಕೊಂಡವರು ಮಾತ್ರ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎರಡನ್ನೂ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಿಕೊಳ್ಳಬೇಕು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲನ್ನು ಖಾಲಿ ಮಾಡಬೇಕು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಲೋಹವನ್ನು ತಿನ್ನುತ್ತದೆ. ಟ್ಯಾಪೆಟ್, ಪಾಯಿಂಟ್, ಟೈಮಿಂಗ್ ಸರಿಮಾಡಿದ ಮೇಲೂ ಪ್ಲಗ್ ಬಿಳಿಯಾಗಿಯೇ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತಿದ್ದರೆ, ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸಿ, ಸ್ವಲ್ಪ ದೂರ ಓಡಿಸಿ, ಪ್ಲಗ್ಗನ್ನು ಮತ್ತೆ ಬಿಚ್ಚಿ ನೋಡಬೇಕು.