ಆ ಮಾತು ಯಾರದು? ತರಗತಿಯಲ್ಲಿ ಉದ್ಧರಣೆಗಳ ಪರಿಶೀಲನೆ

ಪ್ರೌಢಶಾಲೆಯಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಂತಹ ಪಾಠ ಮಾಡುವಾಗ ಮಹನೀಯರ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಪ್ರಶಿಕ್ಷಣಾರ್ಥಿಗಳಾದ ನಮ್ಮೆಲ್ಲರ ರೂಢಿ. ಪೀಠಿಕೆಗೆ ಒಂದು, ಮುಕ್ತಾಯಕ್ಕೆ ಒಂದು ಉದ್ಧರಣೆ ಇದ್ದರೆ ಪಾಠ ಯೋಜನೆಗೆ ಕಳೆ ಬರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಓದುವ ದಿನದ ನುಡಿಯೂ ಇದೇ ಬಗೆಯದು. ಆದರೆ ಹಲಗೆಯ ಮೇಲೆ ಬಂದ ಮಾತನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಭಾಷಣ ಸ್ಪರ್ಧೆಯಲ್ಲಿ ಬಳಸುತ್ತಾರೆ. ಆದ್ದರಿಂದ ಆ ಮಾತು ನಿಜವಾಗಿಯೂ ಆ ವ್ಯಕ್ತಿಯದೇ ಎಂದು ನೋಡುವ ಹೊಣೆ ಅದನ್ನು ಬರೆದವರದು.

ಈ ಹೊಣೆಯನ್ನು ಅರ್ಥಮಾಡಿಕೊಳ್ಳಲು ಅಮೆರಿಕದ ಒಂದು ಹಳೆಯ ವಾದ ನೆರವಾಗುತ್ತದೆ. ಆ ರಾಷ್ಟ್ರದ ಸ್ಥಾಪಕರು ಅದನ್ನು ಕ್ರೈಸ್ತ ರಾಷ್ಟ್ರವಾಗಿ ಕಟ್ಟಿದರೇ, ಅಥವಾ ಧರ್ಮ ಬೇರೆ, ಸರ್ಕಾರ ಬೇರೆ ಎಂದು ಬಯಸಿದರೇ? ಇಂದಿಗೂ ಅಲ್ಲಿ ಈ ವಾದ ನಿಂತಿಲ್ಲ. ಎರಡೂ ಪಕ್ಷದವರು ಸ್ಥಾಪಕರ ಮಾತುಗಳನ್ನು ಸಾಕ್ಷಿಯಾಗಿ ತರುತ್ತಾರೆ. ಹಾಗೆ ತಂದ ಸಾಕ್ಷಿಗಳಲ್ಲಿ ತಪ್ಪಿದವು ಎರಡೂ ಕಡೆ ಇವೆ. ಅವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಒಂದು: ಲೇಖಕನ ಮಾತು ಮಹನೀಯರ ಬಾಯಿಗೆ

ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ ತೀರಿಕೊಂಡದ್ದು 1799ರಲ್ಲಿ. ಈ ರಾಷ್ಟ್ರವನ್ನು ಸ್ಥಾಪಿಸಿದವರು ಕ್ರೈಸ್ತರು, ಅದರ ಬುನಾದಿ ಯೇಸುವಿನ ಸುವಾರ್ತೆ ಎಂಬ ಅರ್ಥದ ಮಾತೊಂದು ಅವರ ಹೆಸರಿನಲ್ಲಿ ಬಹಳ ಪ್ರಚಲಿತವಾಗಿದೆ. ಅದರ ಜಾಡು ಹಿಡಿದು ಹೋದರೆ ಸಿಗುವುದು 1956ರ ‘ದಿ ವರ್ಜೀನಿಯನ್’ ಎಂಬ ಪತ್ರಿಕೆ. ಅದರಲ್ಲಿ ಹೆನ್ರಿಯವರ ಉಯಿಲಿನ ಮಾತನ್ನು ಉದ್ಧರಿಸಿ, ಅದರ ಬೆನ್ನಿಗೆ ಪತ್ರಿಕೆಯ ಬರಹಗಾರರು ತಮ್ಮ ಅಭಿಪ್ರಾಯ ಸೇರಿಸಿದ್ದರು. ಮುಂದೆ ಯಾರೋ ನಕಲು ಮಾಡುವಾಗ ಉದ್ಧರಣ ಚಿಹ್ನೆ ಜಾರಿತು. ಬರಹಗಾರರ ಅಭಿಪ್ರಾಯ ಹೆನ್ರಿಯವರ ಮಾತಾಯಿತು. ಇಲ್ಲಿ ಮೋಸದ ಉದ್ದೇಶವೇ ಇರಬೇಕಾಗಿಲ್ಲ, ಅವಸರ ಸಾಕು.

ಎರಡು: ಆಕರವೇ ಸಿಗದ ಮಾತು

ನಮ್ಮ ರಾಷ್ಟ್ರದ ಭವಿಷ್ಯ ನಿಂತಿರುವುದು ಸರ್ಕಾರದ ಬಲದ ಮೇಲಲ್ಲ, ಬೈಬಲಿನ ಹತ್ತು ಆಜ್ಞೆಗಳ ಪಾಲನೆಯ ಮೇಲೆ ಎಂಬ ಮಾತನ್ನು ಜೇಮ್ಸ್ ಮ್ಯಾಡಿಸನ್ ಅವರಿಗೆ ಸೇರಿಸಲಾಗುತ್ತದೆ. ಮ್ಯಾಡಿಸನ್ ಪತ್ರಗಳ ಸಂಪಾದಕರು ಹುಡುಕಿದರೂ ಅದು ಸಿಗಲಿಲ್ಲ. ಅವರ ತಿಳಿದ ನಿಲುವಿಗೂ ಅದು ಹೊಂದುವುದಿಲ್ಲ. ಧರ್ಮಬೋಧಕರಿಗಾಗಿ ತೆರಿಗೆ ಎತ್ತುವ ಮಸೂದೆಯನ್ನು 1785ರಲ್ಲಿ ಬರಹದ ಮೂಲಕ ಬಲವಾಗಿ ವಿರೋಧಿಸಿದವರು ಅವರು. ಕ್ರೈಸ್ತ ರಾಷ್ಟ್ರ ವಾದದ ಪ್ರಮುಖ ಲೇಖಕ ಡೇವಿಡ್ ಬಾರ್ಟನ್ ಅವರೇ 1990ರ ದಶಕದಲ್ಲಿ ಆಕರ ದೃಢಪಡದ ಉದ್ಧರಣೆಗಳ ಪಟ್ಟಿ ಪ್ರಕಟಿಸಿದರು. ಮೇಲಿನ ಎರಡೂ ಮಾತುಗಳು ಅದರಲ್ಲಿವೆ. ಆದರೂ ಅವುಗಳ ಓಡಾಟ ನಿಂತಿಲ್ಲ.

ಮೂರು: ತುಂಡರಿಸಿದ ಮಾತು

ಇದು ಎದುರು ಪಕ್ಷದಲ್ಲಿ ಕಾಣುವ ತಪ್ಪು. ಧರ್ಮವೇ ಇಲ್ಲದಿದ್ದರೆ ಈ ಲೋಕ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಜಾನ್ ಆಡಮ್ಸ್ ಬರೆದರೆಂದು ಹೇಳುತ್ತಾರೆ. ಆ ಪದಗಳು 1817ರ ಏಪ್ರಿಲ್ 19ರಂದು ಅವರು ಥಾಮಸ್ ಜೆಫರ್ಸನ್ ಅವರಿಗೆ ಬರೆದ ಪತ್ರದಲ್ಲಿ ನಿಜವಾಗಿಯೂ ಇವೆ. ಆದರೆ ಹಿಂದಿನ ಸಾಲುಗಳನ್ನೂ ಮುಂದಿನ ಸಾಲುಗಳನ್ನೂ ಓದಿದರೆ ಅರ್ಥ ತಲೆಕೆಳಗಾಗುತ್ತದೆ. ಓದುವಾಗ ಹಾಗೆ ಉದ್ಗರಿಸಬೇಕೆಂದು ಎಷ್ಟೋ ಸಲ ಅನ್ನಿಸಿತು, ಉದ್ಗರಿಸಿದ್ದರೆ ನಾನೂ ಮತಾಂಧನಾಗುತ್ತಿದ್ದೆ, ಧರ್ಮವಿಲ್ಲದ ಲೋಕ ನರಕವೇ ಸರಿ ಎಂಬುದು ಅವರ ಮಾತಿನ ಸಾರ. ಪದಗಳು ಆಡಮ್ಸ್ ಅವರವು; ಅಭಿಪ್ರಾಯ ಅವರದಲ್ಲ.

ನಾಲ್ಕು: ಮಾತು ನಿಜ, ವಿಳಾಸ ತಪ್ಪು

ಅಮೆರಿಕದ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತ ಧರ್ಮದ ಮೇಲೆ ಸ್ಥಾಪಿತವಾಗಿಲ್ಲ ಎಂಬ ವಾಕ್ಯವನ್ನು ಜಾರ್ಜ್ ವಾಷಿಂಗ್ಟನ್ ಅವರ ಹೆಸರಿನಲ್ಲಿ ಉದ್ಧರಿಸುವುದುಂಟು. ಅದು ವಾಷಿಂಗ್ಟನ್ ಅವರ ಭಾಷಣವಲ್ಲ, ಟ್ರಿಪೋಲಿಯೊಂದಿಗಿನ ಒಪ್ಪಂದದ 11ನೆಯ ವಿಧಿ. ಅದರ ಇಂಗ್ಲಿಷ್ ಪಠ್ಯ ರಾಜತಂತ್ರಜ್ಞ ಜೋಯೆಲ್ ಬಾರ್ಲೊ ಅವರದು. 1797ರ ಜೂನ್‌ನಲ್ಲಿ ಸೆನೆಟ್ ಸರ್ವಾನುಮತದಿಂದ ಒಪ್ಪಿತು. ಸಹಿ ಮಾಡಿದ ಅಧ್ಯಕ್ಷರು ಆಡಮ್ಸ್. ಇನ್ನೊಂದು ಸ್ವಾರಸ್ಯವೂ ಇದೆ. 1930ರಲ್ಲಿ ಡಚ್ ವಿದ್ವಾಂಸ ಸ್ನೂಕ್ ಹರ್‌ಗ್ರೋನ್ಯೆ ಅರಬ್ಬಿ ಪ್ರತಿಯನ್ನು ಪರಿಶೀಲಿಸಿದಾಗ ಅದರಲ್ಲಿ ಆ ವಿಧಿಯೇ ಇರಲಿಲ್ಲ. ಆದರೂ ಸೆನೆಟ್ ಒಪ್ಪಿದ್ದು ಇಂಗ್ಲಿಷ್ ಪಠ್ಯವನ್ನೇ ಆದ್ದರಿಂದ ಅದರ ಮಹತ್ವ ಉಳಿಯುತ್ತದೆ.

ಧರ್ಮಕ್ಕೂ ಪ್ರಭುತ್ವಕ್ಕೂ ನಡುವಿನ ಗೋಡೆ ಎಂಬ ಪ್ರಸಿದ್ಧ ಪ್ರಯೋಗವೂ ಹೀಗೆಯೇ. ಅದು ಸಂವಿಧಾನದಲ್ಲಿದೆ ಎಂದು ಹಲವರ ನಂಬಿಕೆ. ಅದಿರುವುದು 1802ರ ಜನವರಿ 1ರಂದು ಜೆಫರ್ಸನ್ ಅವರು ಡ್ಯಾನ್ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ. 1879 ಮತ್ತು 1947ರ ತೀರ್ಪುಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಬಳಸಿದ್ದರಿಂದ ಸಂವಿಧಾನದ ಮಾತೆಂಬಂತೆ ಬೇರೂರಿತು.

ನಷ್ಟ ಯಾರಿಗೆ?

ಸುಳ್ಳು ಉದ್ಧರಣೆ ಬಯಲಾದಾಗ ಮೊದಲ ಪೆಟ್ಟು ಬೀಳುವುದು ಅದನ್ನು ಬಳಸಿದ ಪಕ್ಷಕ್ಕೇ. ಹೆನ್ರಿಯವರು ಕ್ರೈಸ್ತ ಧರ್ಮಕ್ಕೆ ಸರ್ಕಾರದ ಬೆಂಬಲ ಬಯಸಿದ್ದರೆಂದು ತೋರಿಸಲು 1956ರ ವಾಕ್ಯ ಬೇಕಾಗಿಯೇ ಇರಲಿಲ್ಲ. ಮ್ಯಾಡಿಸನ್ ವಿರೋಧಿಸಿದ ಆ ತೆರಿಗೆ ಮಸೂದೆಯನ್ನು 1784ರಲ್ಲಿ ಬೆಂಬಲಿಸಿದವರೇ ಹೆನ್ರಿ. ಆ ಮಸೂದೆ ಬಿದ್ದುಹೋಗಿ, 1786ರಲ್ಲಿ ಜೆಫರ್ಸನ್ ರಚಿಸಿದ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ವರ್ಜೀನಿಯಾದಲ್ಲಿ ಜಾರಿಗೆ ಬಂತು. ಅಂದರೆ ಸ್ಥಾಪಕರೆಲ್ಲ ಒಂದೇ ಮನಸ್ಸಿನವರಾಗಿರಲಿಲ್ಲ, ಅವರೇ ವಾದಿಸುತ್ತಿದ್ದರು. ಮಕ್ಕಳಿಗೆ ತಿಳಿಯಬೇಕಾದ ಈ ಚರಿತ್ರೆಯನ್ನು ಒಂದು ಸಿದ್ಧ ವಾಕ್ಯ ಮುಚ್ಚಿಬಿಡುತ್ತದೆ.

ನಮ್ಮ ಶಿಕ್ಷಣ ಚರಿತ್ರೆಯ ಪತ್ರಿಕೆಯಲ್ಲೂ ಇಂಥ ಉದಾಹರಣೆ ಇದೆ. ಮೆಕಾಲೆಯವರು 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾತನಾಡಿ, ಭಾರತದಲ್ಲಿ ಒಬ್ಬ ಭಿಕ್ಷುಕನನ್ನೂ ಕಾಣಲಿಲ್ಲ, ಈ ದೇಶದ ಬೆನ್ನೆಲುಬು ಮುರಿಯಬೇಕು ಎಂದರೆಂದು ಎಲ್ಲೆಡೆ ಹರಿದಾಡುತ್ತದೆ. ಆ ದಿನ ಮೆಕಾಲೆ ಇದ್ದದ್ದು ಕಲ್ಕತ್ತೆಯಲ್ಲಿ. ಅದು ಅವರು ಶಿಕ್ಷಣದ ಕುರಿತ ತಮ್ಮ ಟಿಪ್ಪಣಿಗೆ ಹಾಕಿದ ದಿನಾಂಕ. ಆ ಟಿಪ್ಪಣಿಯಲ್ಲಿ ಹರಿದಾಡುವ ಮಾತು ಇಲ್ಲ. ಆದರೆ ಯುರೋಪಿನ ಉತ್ತಮ ಗ್ರಂಥಾಲಯದ ಒಂದೇ ಕಪಾಟು ಭಾರತ ಮತ್ತು ಅರೇಬಿಯದ ಇಡೀ ಸಾಹಿತ್ಯಕ್ಕೆ ಸಮ ಎಂಬ ತೀರ್ಮಾನ ಅದರಲ್ಲಿದೆ. ಮೆಕಾಲೆಯವರನ್ನು ಟೀಕಿಸಲು ಅವರ ನಿಜವಾದ ಮಾತೇ ಸಾಕು.

ಒಂದು ಅವಧಿಯ ಚಟುವಟಿಕೆ

ಇದನ್ನು 40 ನಿಮಿಷದ ಚಟುವಟಿಕೆಯಾಗಿ ಮಾಡಬಹುದು. ತರಗತಿಯನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಮೇಲಿನ ಒಂದೊಂದು ಬಗೆಯ ಮಾತನ್ನು ಮಿಂಚುಪಟ್ಟಿಯಲ್ಲಿ ಕೊಡಿ. ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಿರಿ. ಯಾವ ದಾಖಲೆಯಲ್ಲಿದೆ, ಯಾವ ದಿನಾಂಕ? ಆ ವ್ಯಕ್ತಿ ಬದುಕಿದ್ದಾಗಲೇ ಅಚ್ಚಾಗಿತ್ತೇ? ಹಿಂದಿನ, ಮುಂದಿನ ವಾಕ್ಯ ಏನು? ಅವರ ಉಳಿದ ಬರಹಕ್ಕೆ ಹೊಂದುತ್ತದೆಯೇ? ಶಾಲೆಯಲ್ಲಿ ಅಂತರ್ಜಾಲ ಇದ್ದರೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ‘ಫೌಂಡರ್ಸ್ ಆನ್‌ಲೈನ್’ ತೆರೆಯಬಹುದು. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್ ಮೊದಲಾದವರ 1,80,000ಕ್ಕೂ ಹೆಚ್ಚು ದಾಖಲೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಅಂತರ್ಜಾಲ ಇಲ್ಲದಿದ್ದರೆ ಮೂಲ ಭಾಗದ ಕನ್ನಡ ಸಾರಾಂಶವನ್ನು ಮೊದಲೇ ಬರೆದು ಒಯ್ಯಬೇಕು.

ವಿಜ್ಞಾನ ಓದಿದವರಿಗೆ ಇಲ್ಲಿ ಒಂದು ಎಚ್ಚರ ಪರಿಚಿತವೇ. ಹುಡುಕಿ ಸಿಗದಿದ್ದರೆ, ಅವರು ಹಾಗೆ ಹೇಳಲೇ ಇಲ್ಲ ಎಂದು ತೀರ್ಮಾನ ಬರೆಯಬಾರದು. ಅವರ ದಾಖಲೆಗಳಲ್ಲಿ ಸಿಕ್ಕಿಲ್ಲ ಎಂದಷ್ಟೇ ಬರೆಯಬೇಕು. ಆಕರ ತೋರಿಸುವ ಭಾರ ಉದ್ಧರಿಸಿದವರ ಮೇಲಿದೆ, ಕೇಳಿದವರ ಮೇಲಲ್ಲ.

ಧರ್ಮದ ವಿಷಯ ಬಂದಾಗ ಶಿಕ್ಷಕರು ಯಾವ ಪಕ್ಷ ಎಂದು ಮಕ್ಕಳು ನೋಡುತ್ತಿರುತ್ತಾರೆ. ಹೆನ್ರಿಯವರ ಹೆಸರಿನ ಮಾತನ್ನೂ ಆಡಮ್ಸ್ ಅವರ ತುಂಡು ಮಾತನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಆ ಅನುಮಾನಕ್ಕೆ ಜಾಗ ಇರುವುದಿಲ್ಲ. ಪಾಠ ಯೋಜನೆಯಲ್ಲಿ ಪ್ರತಿ ಉದ್ಧರಣೆಯ ಎದುರು ಆಕರಕ್ಕೆಂದು ಒಂದು ಕಲಂ ಸೇರಿಸೋಣ. ಅದು ಖಾಲಿ ಉಳಿದ ದಿನ ಆ ಮಾತು ಹಲಗೆಗೆ ಹೋಗುವುದು ಬೇಡ.