ಮೂವತ್ತು ನಲವತ್ತರ ಸೈಟಿನಲ್ಲೊಂದು ಹಳೇ ಹಿಟಾಚಿ

ಬೆಂಗಳೂರಿನ ಮತ್ತಿಕೆರೆಯಲ್ಲಿ ಮನೆ ಕಟ್ಟಿದವರಿಗೆಲ್ಲ ಬಾಯಿಪಾಠವಾಗಿರುವ ಅಳತೆ ಮೂವತ್ತು ನಲವತ್ತು. ಅಡಿಯಿಂದ ಮೀಟರಿಗೆ ತಿರುಗಿಸಿದರೆ ಅಗಲ ಒಂಬತ್ತು ಚಿಲ್ಲರೆ, ಉದ್ದ ಹನ್ನೆರಡು ಚಿಲ್ಲರೆ. ಯಾವ ಕಂಪನಿಯದಾದರೂ ನಮ್ಮ ಜನ ಹಿಟಾಚಿ ಎಂದೇ ಕರೆಯುವ, ಮಣ್ಣು ಅಗೆಯುವ ಚೈನಿನ ಗಾಡಿ, ಇಪ್ಪತ್ತು ಟನ್ನಿನದು, ಕೈ ಮಡಚಿಕೊಂಡು ಕೂತರೆ ಸುಮಾರು ಒಂಬತ್ತೂವರೆ ಮೀಟರ್ ಉದ್ದ, ಮೂರಕ್ಕೆ ಸ್ವಲ್ಪ ಕಡಿಮೆ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಂದರೆ ಸೈಟಿನೊಳಗೆ ಹಿಟಾಚಿ ಹಿಡಿಸುತ್ತದೆ, ಮನೆ ಹಿಡಿಸುವುದಿಲ್ಲ. ಹಳೇ ಫಿಯಟ್ಟನ್ನೋ ಮೈಸೂರಿನ ಜಾವಾ ಬೈಕನ್ನೋ ಬಿಚ್ಚಿ ಜೋಡಿಸಿ ಭಾನುವಾರ ಕಳೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದರೂ ಹಳೇ ಹಿಟಾಚಿಯ ಸಹವಾಸಕ್ಕೆ ಯಾಕೆ ಹೋಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ. ಮಿಕ್ಕ ಅರ್ಧ ಸಾಗಣೆಯದು. ಚೈನಿನ ಗಾಡಿ ಡಾಂಬರು ರಸ್ತೆಯ ಮೇಲೆ ತಾನೇ ನಡೆದು ಬರುವಂತಿಲ್ಲ. ಲೋಬೆಡ್ ಟ್ರೈಲರ್ ಮೇಲೆ ಹೇರಿಸಿ ರಾತ್ರಿ ಹೊತ್ತು ತರಬೇಕು, ಯಶವಂತಪುರದ ಕಡೆಯಿಂದ ಆ ಟ್ರೈಲರ್ ಒಳರಸ್ತೆಗೆ ತಿರುಗಬೇಕು, ಅಡ್ಡ ಬರುವ ಕೇಬಲ್ ತಂತಿಗಳನ್ನು ಒಬ್ಬರು ಬಿದಿರುಗೋಲಿನಿಂದ ಎತ್ತಿ ಹಿಡಿಯಬೇಕು.

ಜಾಗವೊಂದನ್ನು ಬಿಟ್ಟರೆ ಈ ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಬುಲ್ಡೋಜರ್, ಡಂಪರ್, ಅಗೆಯುವ ಯಂತ್ರಗಳನ್ನು ಮಾಡುವ ಬೆಮೆಲ್ 1964ರಲ್ಲಿ ಹುಟ್ಟಿದ್ದು ಇಲ್ಲೇ. ಅದರ ದೊಡ್ಡ ಕಾರ್ಖಾನೆ ಕೆ.ಜಿ.ಎಫ್‌ನಲ್ಲಿ. ಫ್ರಾನ್ಸಿನ ಪೊಕ್ಲೇನ್ ಕಂಪನಿಯ ತಾಂತ್ರಿಕತೆಯಲ್ಲಿ ಎಲ್ ಅಂಡ್ ಟಿ ತಯಾರಿಸಿದ ಹಳದಿ ಯಂತ್ರಗಳ ನಂಟು ಬಳ್ಳಾರಿ ರಸ್ತೆಯ ಬ್ಯಾಟರಾಯನಪುರಕ್ಕಿದೆ, ಮತ್ತಿಕೆರೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಹಿಟಾಚಿ ಹೆಸರಿನ ಯಂತ್ರಗಳನ್ನು ಟಾಟಾ ಹಿಟಾಚಿ ಕಂಪನಿ ಧಾರವಾಡದಲ್ಲಿ ಕಟ್ಟುತ್ತದೆ. ಡೀಸೆಲ್ ಎಂಜಿನ್ನಿನ ಹೃದಯದಂಥ ಇಂಜೆಕ್ಷನ್ ಪಂಪ್ ಮಾಡುತ್ತಿದ್ದ ಮೈಕೋ 1951ರಿಂದ ನಮ್ಮದು. ಲೇತ್ ಬೇಕೆಂದರೆ ಜಾಲಹಳ್ಳಿಯ ಎಚ್‌ಎಂಟಿ ಒಂದು ತಲೆಮಾರಿನ ಟರ್ನರು, ಫಿಟ್ಟರುಗಳನ್ನೇ ತಯಾರು ಮಾಡಿಕೊಟ್ಟಿದೆ. ಅವರ ಶಿಷ್ಯರು ಪೀಣ್ಯದ ಶೆಡ್ಡುಗಳಲ್ಲಿ ಈಗಲೂ ಇದ್ದಾರೆ.

ಹೀಗಿರುವಾಗ ಯಾವ ಯಂತ್ರವನ್ನು ತರಬೇಕು? ಹೊಸದಾದಷ್ಟೂ ರಿಪೇರಿ ಸಲೀಸು ಎಂದು ಕಾರಿನವರು ಹೇಳಬಹುದು. ಅಗೆಯುವ ಯಂತ್ರದ ಮಟ್ಟಿಗೆ ನನ್ನ ಅಭಿಪ್ರಾಯ ತದ್ವಿರುದ್ಧ: ಮುದಿಯಾದಷ್ಟೂ ಬದುಕಿಸುವುದು ಸುಲಭ.

ಇಂಗ್ಲೆಂಡಿನ ಒಂದು ಉದಾಹರಣೆ ನೋಡಿ. ಲಿಂಕನ್ ಪಟ್ಟಣದ ರಸ್ಟನ್ ಪ್ರಾಕ್ಟರ್ ಕಂಪನಿ 1909ರಲ್ಲಿ, ಅಂದರೆ ಮತ್ತಿಕೆರೆಯ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್ ಹುಟ್ಟಿದ ವರ್ಷವೇ, ಹಬೆಯಿಂದ ಅಗೆಯುವ ಯಂತ್ರವೊಂದನ್ನು ಕಟ್ಟಿತು. ಅದರ ನಂಬರು 306. ಆರ್ಲ್ಸಿ ಎಂಬಲ್ಲಿ ಸೀಮೆಸುಣ್ಣದ ಕಲ್ಲಿನ ಗುಂಡಿಯಲ್ಲಿ ದುಡಿಯುತ್ತಿದ್ದ ಅದು, ಗುಂಡಿಗೆ ನೀರು ತುಂಬಿದಾಗ ಮುಳುಗಿ ದಶಕಗಟ್ಟಲೆ ಕೆರೆಯ ತಳದಲ್ಲಿತ್ತು. 1977ರಲ್ಲಿ ಮೇಲೆತ್ತಿದರು. ಮುಂದೆ ಕಂಬ್ರಿಯಾದ ಥ್ರೆಲ್ಕೆಲ್ಡ್ ಎಂಬ ಹಳೇ ಕ್ವಾರಿಗೆ ಅದು ಬಂತು. ಹಳೇ ಯಂತ್ರಗಳ ಹುಚ್ಚಿರುವ ವಿಂಟೇಜ್ ಎಕ್ಸ್‌ಕವೇಟರ್ ಟ್ರಸ್ಟ್ ಎಂಬ ಕೂಟದವರು ಅದಕ್ಕೆ ಮತ್ತೆ ಹಬೆ ತುಂಬಿ ಅಗೆಸಿದರು. ಮುಳುಗಿದ ಯಂತ್ರ ಎದ್ದು ಕೆಲಸ ಮಾಡಲು ಪವಾಡವೇನೂ ಬೇಕಿರಲಿಲ್ಲ. ಅದರೊಳಗೆ ನೀರಿಗೆ ಹೆದರುವಂಥದ್ದು ಹೆಚ್ಚಿಗೆ ಇರಲಿಲ್ಲ, ಅಷ್ಟೆ.

ಹಬೆಯ ಕಾಲದ ಈ ಜಾತಿಯ ಮೂಲಪುರುಷ ವಿಲಿಯಂ ಓಟಿಸ್ ಎಂಬ ಅಮೆರಿಕದ ಯುವಕ. ಪೇಟೆಂಟ್ ಸಿಕ್ಕಿದ್ದು 1839ರಲ್ಲಿ. ಅದೇ ವರ್ಷ ತೀರಿಕೊಂಡ, ಇನ್ನೂ ಮೂವತ್ತೂ ಆಗಿರಲಿಲ್ಲ. ಅವನ ಉಪಾಯ ನೂರು ವರ್ಷ ಹೆಚ್ಚೇನೂ ಬದಲಾಗದೆ ನಡೆಯಿತು. ಎಂಜಿನ್ ಒಂದು ಡ್ರಮ್ಮನ್ನು ತಿರುಗಿಸುತ್ತದೆ, ಡ್ರಮ್ಮಿಗೆ ಸರಪಳಿಯೋ ಉಕ್ಕಿನ ಹಗ್ಗವೋ ಸುತ್ತಿಕೊಳ್ಳುತ್ತದೆ, ಹಗ್ಗದ ತುದಿಯ ಬಕೆಟ್ಟು ಮಣ್ಣನ್ನು ಕೆರೆದುಕೊಂಡು ಮೇಲೇಳುತ್ತದೆ. ಪನಾಮಾ ಕಾಲುವೆಯನ್ನು ಅಮೆರಿಕದವರು ತೋಡಿದ್ದು ಇಂಥ 102 ಯಂತ್ರಗಳಿಂದ, ಅವುಗಳಲ್ಲಿ 77 ಬ್ಯುಸೈರಸ್ ಕಂಪನಿಯವು. ಒಳಗಿರುವುದು ಗೇರು, ಕ್ಲಚ್ಚು, ಬ್ರೇಕು, ಕಂಚಿನ ಬುಷ್ಷು. ಹಲ್ಲು ಮುರಿದ ಗೇರಿಗೆ ಅಚ್ಚು ತೆಗೆದು ಎರಕ ಹೊಯ್ಯಬಹುದು. ಬುಷ್ಷನ್ನು ಲೇತಿನ ಮೇಲೆ ತಿರುವಬಹುದು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬಹುದು. ಹೆಚ್ಚಿನ ಗಂಡಾಂತರವೆಂದರೆ ಬಾಯ್ಲರ್ ಒಂದೇ. ಅದಕ್ಕೆ ಸರ್ಕಾರದ ತಪಾಸಣೆ ಬೇಕು, ಬೇಕೇ ಬೇಕು.

ನಮ್ಮ ಕಣ್ಣಿಗೆ ಬೀಳುವ ಹಳೇ ಯಂತ್ರಗಳು ಅಷ್ಟು ಹಳೆಯವಲ್ಲ. ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಹಗ್ಗದ ಜಾಗಕ್ಕೆ ಒತ್ತಡದ ಎಣ್ಣೆ, ಅಂದರೆ ಹೈಡ್ರಾಲಿಕ್ಸ್, ಬಂತು. ಪೊಕ್ಲೇನ್ ಐವತ್ತರ ದಶಕದ ಆರಂಭದಲ್ಲೇ ಎಣ್ಣೆಯ ಯಂತ್ರ ಮಾಡಿತು, ಜರ್ಮನಿಯ ಡೆಮಾಗ್ 1954ರಲ್ಲಿ ಪೂರ್ತಿ ಎಣ್ಣೆಯಿಂದಲೇ ನಡೆಯುವ, ಸುತ್ತಲೂ ತಿರುಗುವ ಯಂತ್ರವನ್ನು ಹೊರತಂದಿತು. ಇಲ್ಲಿಂದ ಮುಂದೆ ರಿಪೇರಿಯವನ ಲೋಕ ಮಿಲಿಮೀಟರಿನಿಂದ ಮೈಕ್ರಾನಿಗೆ ಇಳಿಯಿತು.

ಎಣ್ಣೆಯ ಯಂತ್ರದ ಒಳಗಣ ವ್ಯವಹಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಂಪು ಒತ್ತಡ ಹುಟ್ಟಿಸುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೇ ಅದರ ಕೆಲಸ. ತಳ್ಳಿದ ಎಣ್ಣೆಗೆ ಎದುರು ಏನಾದರೂ ಅಡ್ಡ ನಿಂತಾಗ ಒತ್ತಡ ಹುಟ್ಟುತ್ತದೆ. ಬಕೆಟ್ಟಿನ ಹಲ್ಲಿಗೆ ಗೋಡುಮಣ್ಣು ಸಿಕ್ಕರೆ ಕಡಿಮೆ, ಬಂಡೆ ಸಿಕ್ಕರೆ ಹೆಚ್ಚು. ಬಂಡೆ ಅಲ್ಲಾಡಲೇ ಇಲ್ಲವೆಂದರೆ ಒತ್ತಡ ಏರುತ್ತಲೇ ಹೋಗಿ ಎಲ್ಲಾದರೂ ಒಡೆಯಬೇಕು. ಒಡೆಯದಿರಲೆಂದು ರಿಲೀಫ್ ವಾಲ್ವ್ ಎಂಬ ಸ್ಪ್ರಿಂಗಿನ ಬಾಗಿಲು ಒಂದು ಮಿತಿಯಲ್ಲಿ ತೆರೆದುಕೊಂಡು ಎಣ್ಣೆಯನ್ನು ಟ್ಯಾಂಕಿಗೆ ವಾಪಸು ಬಿಡುತ್ತದೆ. ಗುಜರಿಯಿಂದ ಬಂದ ಯಂತ್ರ ಕೈ ಎತ್ತಲು ಒದ್ದಾಡಿದರೆ ‘ಪಂಪು ಹೋಗಿದೆ ಸಾರ್’ ಎಂಬ ತೀರ್ಪು ಕ್ಷಣದಲ್ಲಿ ಬರುತ್ತದೆ. ಪಂಪಿನ ಬೆಲೆ ಕೇಳಿದ ಮೇಲೆ ಹವ್ಯಾಸವೇ ಮುಗಿಯುತ್ತದೆ. ಮೊದಲು ಒಂದು ಪ್ರೆಷರ್ ಗೇಜ್ ಹಾಕಿ ನೋಡಬೇಕು. ಕಸ ಸಿಕ್ಕಿಕೊಂಡು ಅರ್ಧ ತೆರೆದೇ ನಿಂತ ರಿಲೀಫ್ ವಾಲ್ವ್ ಕೂಡ ಇದೇ ರೋಗಲಕ್ಷಣ ತೋರಿಸುತ್ತದೆ, ಅದನ್ನು ಬಿಚ್ಚಿ ತೊಳೆಯಲು ಸಂಜೆಯೊಂದು ಸಾಕು.

ಎಣ್ಣೆಯ ಬಲವೆಷ್ಟು? ಹನ್ನೆರಡು ಸೆಂಟಿಮೀಟರ್ ಒಳವ್ಯಾಸದ ಸಿಲಿಂಡರ್ ತೆಗೆದುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ 113 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 250 ಕಿಲೋ ಒತ್ತಡವಿದ್ದರೆ ಅದು 28 ಟನ್ ಬಲದಿಂದ ತಳ್ಳುತ್ತದೆ. ಅದೇ ಸಿಲಿಂಡರ್ ಒಳಕ್ಕೆ ಎಳೆದುಕೊಳ್ಳುವಾಗ? ಪಿಸ್ಟನ್ನಿಗೆ ಸೇರಿದ ಎಂಟೂವರೆ ಸೆಂಟಿಮೀಟರ್ ದಪ್ಪದ ರಾಡು ಅರ್ಧ ಜಾಗ ನುಂಗಿರುತ್ತದೆ, ಹಾಗಾಗಿ ಬಲ ಬರೇ 14 ಟನ್. ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಪುಕ್ಕಲು. ಈಗ ರಸ್ತೆಬದಿಯ ಯಾವುದಾದರೂ ಹಿಟಾಚಿ ಕೆಲಸ ಮಾಡುವುದನ್ನು ನಿಂತು ನೋಡಿ. ಬೂಮನ್ನು, ಅಂದರೆ ಕೈಯ ಬುಡದ ತುಂಡನ್ನು, ಎತ್ತುವ ಸಿಲಿಂಡರುಗಳು ಬೂಮಿನ ಕೆಳಗಿವೆ, ಉದ್ದವಾಗುತ್ತ ಎತ್ತುತ್ತವೆ. ಆರ್ಮನ್ನು, ಅಂದರೆ ಅದರ ಮುಂದಿನ ತುಂಡನ್ನು, ತನ್ನತ್ತ ಎಳೆದುಕೊಳ್ಳುವ ಸಿಲಿಂಡರ್ ಬೂಮಿನ ಬೆನ್ನ ಮೇಲಿದೆ. ಅದೂ ಉದ್ದವಾಗಿಯೇ ಎಳೆದು ತರುತ್ತದೆ. ಬಕೆಟ್ಟನ್ನು ಮುಚ್ಚುವ ಸಿಲಿಂಡರೂ ಹಾಗೆಯೇ. ಕಷ್ಟದ ಕೆಲಸ ಮೂರಕ್ಕೆ ಮೂರೂ ತಳ್ಳುವ ಬದಿಗೆ, ಬಕೆಟ್ ಬಿಡಿಸುವ, ಆರ್ಮ್ ಚಾಚುವ ಹಗುರ ಕೆಲಸ ಎಳೆಯುವ ಬದಿಗೆ. ಸಿಲಿಂಡರುಗಳು ಹೊರಗೆ ತೆರೆದುಕೊಂಡು ಕೂತಿರುವುದೇಕೆ ಎಂದು ಅನ್ನಿಸಿದ್ದರೆ ಕಾರಣ ಈ ಲೆಕ್ಕ.

ಹಾಗೆ ಹೊರಗೆ ಕೂತಿರುವುದೇ ಹಳೇ ಯಂತ್ರಕ್ಕೆ ಮುಳುವು. ರಾಡಿನ ಹೊಳಪು ಉಕ್ಕಿನದಲ್ಲ, ಅದರ ಮೇಲಿನ ಕ್ರೋಮಿಯಂ ಲೇಪದ್ದು, ದಪ್ಪ ಕೆಲವೇ ಹತ್ತುಗಳಷ್ಟು ಮೈಕ್ರಾನ್. ನಿಂತ ಯಂತ್ರದ ರಾಡು ಹೊರಗೆ ಚಾಚಿಕೊಂಡೇ ಎರಡು ಮುಂಗಾರು ಕಂಡರೆ ಲೇಪದ ಸಣ್ಣ ಬಿರುಕುಗಳಲ್ಲಿ ನೀರು ಇಳಿದು ತುಕ್ಕಿನ ಚುಕ್ಕಿಗಳೇಳುತ್ತವೆ. ಗೊತ್ತಿಲ್ಲದವರು ಹೊಸ ಸೀಲ್ ಕಿಟ್ ತಂದು ಹಾಕುತ್ತಾರೆ. ಅರದಂತಾದ ರಾಡು ಹೊಸ ಸೀಲನ್ನು ವಾರದಲ್ಲಿ ಹರಿದು ಹಾಕುತ್ತದೆ. ರಾಡನ್ನು ಬಿಚ್ಚಿ ಪೀಣ್ಯಕ್ಕೆ ಒಯ್ದು, ಹಳೇ ಕ್ರೋಮ್ ಕೀಳಿಸಿ, ಗ್ರೈಂಡಿಂಗ್ ಮಾಡಿಸಿ, ಹಾರ್ಡ್ ಕ್ರೋಮ್ ಹಾಕಿಸಿ, ಮತ್ತೆ ಅಳತೆಗೆ ಗ್ರೈಂಡಿಂಗ್ ಮಾಡಿಸಬೇಕು. ಸಿಲಿಂಡರಿನ ಒಳಗೋಡೆಗೆ ಗೀರು ಬಿದ್ದಿದ್ದರೆ ಹೋನಿಂಗ್, ಅಂದರೆ ಉಜ್ಜಿ ನಯಗೊಳಿಸುವ ಕೆಲಸ. ಇದರಲ್ಲಿ ಯಾವುದೂ ಬೆಂಗಳೂರಿಗೆ ಹೊಸದಲ್ಲ. ಬಾಡಿಗೆಗೆ ಓಡುವ ನೂರಾರು ಯಂತ್ರಗಳಿಗಾಗಿ ದಿನವೂ ನಡೆಯುವ ಕೆಲಸ.

ಪಿನ್ನು, ಬುಷ್ಷಿನ ಕಥೆ ಇನ್ನೂ ಸರಳ. ಬೂಮಿನ ಬುಡದಲ್ಲಿ ಒಂದೆರಡು ಮಿಲಿಮೀಟರ್ ಸಡಿಲವಾದರೆ ತುದಿಯ ಬಕೆಟ್ಟು ಇಂಚುಗಟ್ಟಲೆ ಓಲಾಡುತ್ತದೆ. ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ ತೂತನ್ನು ವೆಲ್ಡಿಂಗಿನಿಂದ ತುಂಬಿ, ಲೈನ್ ಬೋರಿಂಗ್ ಯಂತ್ರವನ್ನು ಅಲ್ಲೇ ಕಟ್ಟಿ ಎರಡೂ ಬದಿಯ ತೂತನ್ನು ಒಂದೇ ನೇರಕ್ಕೆ ಕೊರೆಸಬೇಕು.

ಕಂಟ್ರೋಲ್ ವಾಲ್ವಿಗೆ ಮಾತ್ರ ಕೈ ಹಾಕುವ ಮುನ್ನ ಯೋಚಿಸಿ. ಲಿವರ್ ಎಳೆದಾಗ ಎರಕದ ದಿಮ್ಮಿಯೊಳಗೆ ಸರಿದಾಡುವ ಸ್ಪೂಲುಗಳಿಗೂ ಅವುಗಳ ಗೂಡಿಗೂ ನಡುವೆ ರಬ್ಬರಿಲ್ಲ, ವಾಷರಿಲ್ಲ. ಇರುವುದು ಕೆಲವೇ ಮೈಕ್ರಾನ್ ಸಂದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಆ ಸಂದಿನಲ್ಲಿ ನಿಂತ ಎಣ್ಣೆಯ ಪೊರೆಯೇ ಸೀಲು. ಎಂಜಿನ್ ಆರಿಸಿದ ಮೇಲೆ ಎತ್ತಿದ ಬೂಮ್ ತಾನಾಗಿ ಇಳಿಯುತ್ತಿದ್ದರೆ ಎಣ್ಣೆ ಒಳಗೊಳಗೇ ನುಸುಳುತ್ತಿದೆ ಎಂದರ್ಥ, ಸಿಲಿಂಡರಿನ ಸೀಲಿನಲ್ಲೋ ಈ ಸಂದಿನಲ್ಲೋ. ಸೀಲಾದರೆ ಬದಲಿಸಬಹುದು. ಸವೆದ ಸ್ಪೂಲನ್ನು ಬದಲಿಸಬೇಕಾದರೆ ಅದರ ಗೂಡಿಗೇ ಜೋಡಿಯಾಗುವಂತೆ ಮಾಡಿಸಬೇಕು. ಹಾಗಾಗಿ ವಾಲ್ವನ್ನು ರಸ್ತೆಬದಿಯ ಧೂಳಿನಲ್ಲಿ, ಬನಿಯನ್ ಬಟ್ಟೆಯಿಂದ ಒರೆಸುತ್ತ ಬಿಚ್ಚುವುದನ್ನು ಕಂಡರೆ ನನಗೆ ಆಪರೇಷನ್ ಥಿಯೇಟರಿಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವರನ್ನು ಕಂಡಂತಾಗುತ್ತದೆ. ಬಟ್ಟೆಯ ಒಂದು ಎಳೆ ಸಾಕು.

ಮೇಲಿನ ಭಾಗ ಗಿರಗಿರನೆ ಎಷ್ಟು ಸುತ್ತಾದರೂ ತಿರುಗುತ್ತದಲ್ಲ, ಪಂಪಿರುವುದು ಮೇಲೆ, ಚೈನನ್ನು ತಿರುಗಿಸುವ ಮೋಟರಿರುವುದು ಕೆಳಗೆ. ನಡುವಣ ಪೈಪುಗಳು ಯಾಕೆ ಹುರಿಗೊಳ್ಳುವುದಿಲ್ಲ? ತಿರುಗುವ ನಡುಮಧ್ಯದಲ್ಲಿ ಸ್ವಿವೆಲ್ ಜಾಯಿಂಟ್ ಎಂಬ ಒಂದರೊಳಗೊಂದು ಕೂರುವ ಉಕ್ಕಿನ ಕೊಳವೆಗಳಿವೆ. ಒಳಗಿನದರ ಮೈಗೆ ಬಳೆಬಳೆಯಾಗಿ ಕೊರೆದ ಕಾಲುವೆಗಳು, ಪ್ರತಿ ಎರಡು ಕಾಲುವೆಯ ನಡುವೆ ಒಂದು ಸೀಲು. ಯಾವ ಕೋನದಲ್ಲಿ ನಿಂತರೂ ಎಣ್ಣೆಗೆ ತನ್ನ ಕಾಲುವೆ ಸಿಗುತ್ತದೆ. ಸೀಲು ಹೋದರೆ ಯಂತ್ರ ಒಂದು ಬದಿಗೆ ವಾಲುತ್ತ ನಡೆಯುವುದುಂಟು. ಇದು ಹೊಳೆಯದ ಮೆಕ್ಯಾನಿಕ್ಕು ಚೈನಿನ ಮೋಟರನ್ನು ಬಿಚ್ಚಿ ಕೂತಿರುತ್ತಾನೆ. ಚೈನಿನ ಬಗ್ಗೆ ಒಂದೇ ಮಾತು: ಇಪ್ಪತ್ತು ಟನ್ ತೂಕವನ್ನು ಅದು ಎಷ್ಟು ಅಗಲಕ್ಕೆ ಹಂಚುತ್ತದೆಂದರೆ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಷ್ಟು, ನಡೆಯುವ ಮನುಷ್ಯ ಒಂಟಿಕಾಲಿನ ಮೇಲೆ ಭಾರ ಬಿಟ್ಟಾಗ ಬೀಳುವ ಒತ್ತಡಕ್ಕೆ ಹೆಚ್ಚುಕಡಿಮೆ ಸಮ.

ಅಪಾಯದ ಮಾತು ಹೇಳದೆ ಇರುವಂತಿಲ್ಲ. ಪೈಪಿನ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಇಳಿಯುತ್ತದೆ. ಹೊರಗೆ ಸಣ್ಣ ಚುಕ್ಕಿ, ನೋವೂ ಮೊದಲಿಗೆ ಕಡಿಮೆ. ಕೆಲವೇ ಗಂಟೆಗಳಲ್ಲಿ ಬೆರಳನ್ನೋ ಕೈಯನ್ನೋ ಕತ್ತರಿಸುವ ಸ್ಥಿತಿ ಬರಬಹುದು. ಸೋರಿಕೆ ಹುಡುಕಲು ಕೈ ಸವರಬಾರದು, ರಟ್ಟಿನ ತುಂಡು ಹಿಡಿಯಬೇಕು. ಚುಕ್ಕಿ ಬಿದ್ದರೆ ನೇರ ಆಸ್ಪತ್ರೆಗೆ ಹೋಗಿ ಎಣ್ಣೆ ಹೊಕ್ಕಿದೆ ಎಂದೇ ಹೇಳಬೇಕು. ಎಂಜಿನ್ ಆರಿದ ಮಾತ್ರಕ್ಕೆ ಒತ್ತಡ ಆರುವುದಿಲ್ಲ. ಬಕೆಟ್ಟನ್ನು ನೆಲಕ್ಕೆ ಊರಿ, ಲಿವರುಗಳನ್ನು ಎಲ್ಲ ದಿಕ್ಕಿಗೂ ಆಡಿಸಿ, ಆಮೇಲೆ ಪೈಪು ಬಿಚ್ಚಬೇಕು. ಎತ್ತಿದ ಬೂಮಿನ ಕೆಳಗೆ ಯಾರೂ ನಿಲ್ಲಬಾರದು, ಜ್ಯಾಕ್ ಇದ್ದರೂ.

ಮುದಿಯಾದಷ್ಟೂ ಸುಲಭ ಎಂದೆನಲ್ಲ, ಅದರ ಇನ್ನೊಂದು ತುದಿಗೆ ಬರೋಣ. ಲಿವರಿನಿಂದ ಕಡ್ಡಿಗಳ ಮೂಲಕ ನೇರ ಸ್ಪೂಲಿಗೆ ಸಂಬಂಧವಿರುವ, ಮೈಕೋ ಪಂಪಿನ ಎಂಜಿನ್ನಿರುವ ಎಪ್ಪತ್ತು ಎಂಬತ್ತರ ದಶಕದ ಯಂತ್ರಕ್ಕೆ ಸ್ಟಾರ್ಟರ್ ತಿರುಗಿಸಲು ಮಾತ್ರ ಬ್ಯಾಟರಿ ಬೇಕು. ಇಂಜೆಕ್ಷನ್ ಪಂಪಿನ ಪ್ಲಂಜರಿನ ಸಂದು ಎರಡು ಮೂರು ಮೈಕ್ರಾನ್; ಆದರೂ ಕ್ಯಾಲಿಬ್ರೇಷನ್ ಅಂಗಡಿಯವರು ಅದನ್ನು ಬೆಂಚಿನ ಮೇಲೆ ಕೂರಿಸಿ ಪ್ರತಿ ಸಿಲಿಂಡರಿಗೂ ಡೀಸೆಲ್ ಸಮನಾಗಿ ಬೀಳುವಂತೆ ಹೊಂದಿಸಿಕೊಡುತ್ತಾರೆ. ಆಮೇಲಿನ ಯಂತ್ರಗಳಲ್ಲಿ ಎಂಜಿನ್ನಿನ ವೇಗ, ಪಂಪಿನ ಹೊರೆ ಎಲ್ಲವನ್ನೂ ಓದಿ ಹೊಂದಿಸುವ ಕಂಟ್ರೋಲರ್ ಪೆಟ್ಟಿಗೆ ಬಂತು. ಡೀಸೆಲ್ ಉಳಿಯಿತು, ಕೆಲಸ ನಯವಾಯಿತು, ಒಪ್ಪೋಣ. ಆದರೆ ಪೆಟ್ಟಿಗೆ ಸತ್ತರೆ ಟರ್ನರ್ ಏನು ಮಾಡಿಯಾನು? ಒಣಗಿದ ಕೆಪಾಸಿಟರಿನ ಬದಲಿ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಚಿಪ್ಪಿನೊಳಗಿಂದ ಅಳಿಸಿಹೋದ ಪ್ರೋಗ್ರಾಮು ಸಿಗುವುದಿಲ್ಲ. ಕೆರೆಯ ತಳದಿಂದ ಎದ್ದ 1909ರ ಯಂತ್ರದ ಭಾಗ್ಯ 2009ರದ್ದಕ್ಕೆ ಇರಲಾರದು. ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ: ಎಲ್ ಅಂಡ್ ಟಿ ಪೊಕ್ಲೇನ್ 90ಸಿಕೆಯಂಥದ್ದು ಯಾವುದಾದರೂ ಕ್ವಾರಿಯ ಮೂಲೆಯಲ್ಲಿ ಗ್ಯಾಸ್ ಕಟ್ಟರಿಗೆ ಕಾಯುತ್ತ ನಿಂತಿದ್ದರೆ ಅದನ್ನೇ ಹುಡುಕಿ.

ಎಲ್ಲ ಮುಗಿದು ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಅವಸರ ಬೇಡ. ಪಂಪಿನ ಹೊಟ್ಟೆಯನ್ನು ಮೊದಲೇ ಎಣ್ಣೆಯಿಂದ ತುಂಬಿಸಬೇಕು. ಒಣ ಪಂಪು ತಿರುಗಿದರೆ ಪಿಸ್ಟನ್ನಿನ ಕಂಚಿನ ಪಾದಗಳು ನಿಮಿಷದೊಳಗೆ ಉಕ್ಕಿನ ತಟ್ಟೆಗೆ ಉಜ್ಜಿ ಹಾಳಾಗುತ್ತವೆ. ಎಂಜಿನ್ ನಿಧಾನ ಓಡಲಿ, ಒಂದೊಂದೇ ಸಿಲಿಂಡರನ್ನು ತುದಿ ಮುಟ್ಟಿಸದೆ ಹಿಂದೆ ಮುಂದೆ ಆಡಿಸಿ ಗಾಳಿ ಹೊರಡಿಸಬೇಕು. ಟ್ಯಾಂಕಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ನೊರೆಗಟ್ಟಿದರೆ ಗಾಳಿ ಎಳೆಯುತ್ತಿದೆ. ಕೆಲವು ಗಂಟೆ ಓಡಿಸಿದ ಮೇಲೆ ಫಿಲ್ಟರ್ ತೆಗೆದು, ಕತ್ತರಿಸಿ, ಕಾಗದವನ್ನು ಬಿಸಿಲಿಗೆ ಹರಡಿ ನೋಡಿ. ಕಪ್ಪು ರಬ್ಬರಿನ ಚೂರಿದ್ದರೆ ಎಲ್ಲೋ ಸೀಲು ಹರಿದಿದೆ. ಆಯಸ್ಕಾಂತಕ್ಕೆ ಅಂಟುವ ಪುಡಿಯಾದರೆ ಉಕ್ಕು ಸವೆಯುತ್ತಿದೆ, ಸ್ವಲ್ಪವಿದ್ದರೆ ಚಿಂತೆಯಿಲ್ಲ. ಹೊಂಬಣ್ಣದ ಹೊಳೆಯುವ ಪುಡಿ ಕಂಡರೆ ಅದು ಪಂಪಿನ ಕಂಚು. ಆಗ ಎಂಜಿನ್ ಆರಿಸಿ ಪಂಪನ್ನು ಇಳಿಸಲೇಬೇಕು, ಮತ್ತೊಮ್ಮೆ.