ರೊಟ್ಟಿಯ ರೇಟಿನಲ್ಲಿ ಕೈಯ ಕೂಲಿ ಎಲ್ಲಿದೆ?

ಪುತ್ತೂರು, ಸುಳ್ಯ, ಕಡಬದ ನಮ್ಮ ಮನೆಗಳಲ್ಲಿ ತಿಂಡಿ ಮಾರಾಟ ಶುರುವಾಗುವುದು ಹೆಚ್ಚಾಗಿ ಒಂದು ಹೊಗಳಿಕೆಯಿಂದ. ಇಫ್ತಾರಿಗೆ ಕಳಿಸಿದ ಸಮೋಸವನ್ನೋ, ಮದುವೆ ಮನೆಗೆ ಮಾಡಿಕೊಟ್ಟ ನೆಯ್ಯಪ್ಪವನ್ನೋ ತಿಂದವರು, “ಮಾಮಿ, ನೀವು ಇದನ್ನು ಮಾರಬಹುದಲ್ಲಾ?” ಅಂತಾರೆ. ಮರುವಾರವೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೋ ಬರುತ್ತದೆ, ಆರ್ಡರೂ ಬರುತ್ತದೆ. ಕೆಲವು ತಿಂಗಳು ಕಳೆಯುವಾಗ ಸೊಂಟ ನೋವು ಉಳಿದಿರುತ್ತದೆ, ಕೈಯಲ್ಲಿ ಪೈಸೆ ಇರುವುದಿಲ್ಲ. ರುಚಿ ಸಾಲದೆ ನಿಂತ ಅಡುಗೆಮನೆಗಳು ಕಡಿಮೆ. ಲೆಕ್ಕ ಇಡದೆ ನಿಂತವೇ ಹೆಚ್ಚು.

ಬೀಡಿಯ ಕಾಲದ ಪಾಠ

ಮನೆಯಲ್ಲಿ ಕೂತು ದುಡಿಯುವುದು ನಮ್ಮ ಹೆಂಗಸರಿಗೆ ಹೊಸತೇನಲ್ಲ. ಉಮ್ಮಂದಿರು, ಅಜ್ಜಿಯಂದಿರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಮಕ್ಕಳ ಶಾಲೆ ಫೀಸು ಕಟ್ಟಿದರು, ಮನೆಗೆ ಹಂಚು ಹಾಕಿಸಿದರು, ಮಗಳಿಗೆ ಚಿನ್ನ ಮಾಡಿಸಿದರು. ಆ ಕೆಲಸದಲ್ಲಿ ಸಾವಿರ ಬೀಡಿಗೆ ಎಷ್ಟು ಅಂತ ಬೇರೆಯವರು ನಿಗದಿ ಮಾಡುತ್ತಿದ್ದರು. ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲ ಅಂತ ತೆಗೆದು ಹಾಕಿದರೆ ನಷ್ಟ ಕಟ್ಟಿದವಳಿಗೇ. ಆದರೂ ಅದರಲ್ಲೊಂದು ಭದ್ರತೆ ಇತ್ತು. ಬೀಡಿ ಕಾರ್ಮಿಕರಿಗಾಗಿಯೇ 1966ರಲ್ಲಿ ಕಾನೂನು ಬಂತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಅನ್ವಯವಾಗುತ್ತದೆ ಅಂತ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಪಿಎಫ್ ಪುಸ್ತಕ ಇದ್ದವರಿಗೆ ಮುದಿ ವಯಸ್ಸಿಗೆ ಏನೋ ಒಂದು ಕೈಗೆ ಬಂತು.

ರೊಟ್ಟಿ, ಸಮೋಸ ಮಾಡಿ ಮಾರುವವರಿಗೆ ಆ ಪುಸ್ತಕ ಇಲ್ಲ. ರೇಟು ನಿಗದಿ ಮಾಡುವ ಸ್ವಾತಂತ್ರ್ಯ ಈಗ ನಮ್ಮದು, ಹಾಗೆಯೇ ನಾಳೆಗೆ ಉಳಿಸುವ ಜವಾಬ್ದಾರಿಯೂ ನಮ್ಮದೇ. ಕೂಲಿ, ಉಳಿತಾಯ ಎರಡೂ ರೇಟಿನೊಳಗೆ ಬರದಿದ್ದರೆ ಬೇರೆ ಎಲ್ಲಿಂದಲೂ ಬರುವುದಿಲ್ಲ.

ನೂರು ರೊಟ್ಟಿಯ ಲೆಕ್ಕ

ಒಂದು ಲೆಕ್ಕ ಮಾಡಿ ನೋಡೋಣ. ನೂರು ಅಕ್ಕಿ ರೊಟ್ಟಿಗೆ ಅಕ್ಕಿ, ತೆಂಗಿನಕಾಯಿ, ಉಪ್ಪು ಸೇರಿ 350 ರೂ., ಗ್ಯಾಸ್ 80, ಕವರ್ 40, ಆಟೋ ಬಾಡಿಗೆ 80 ಅಂತ ಇಟ್ಟುಕೊಳ್ಳಿ. ಒಟ್ಟು 550. ಒಂದಕ್ಕೆ 7 ರೂ.ನಂತೆ ಮಾರಿದರೆ 700 ಬರುತ್ತದೆ, 150 ಲಾಭ ಅಂತ ಖುಷಿಪಡುತ್ತೇವೆ. ನೆನೆಸಿ, ಅರೆದು, ಸುಟ್ಟು, ಕಟ್ಟಿಕೊಡಲು ಐದು ಗಂಟೆ ಹಿಡಿದರೆ ಗಂಟೆಗೆ ಸಿಕ್ಕಿದ್ದು 30 ರೂ. ಅಡಿಕೆ ಸುಲಿಯಲು ಬಂದವರನ್ನು ಇಷ್ಟಕ್ಕೆ ಕೆಲಸ ಮಾಡಿ ಅಂತ ಕೇಳುವ ಧೈರ್ಯ ನಮಗಿದೆಯೇ?

ಗಂಟೆಗೆ 60 ರೂ. ಕೂಲಿ ಹಿಡಿದರೆ 300. ಹಾಳಾಗುವುದಕ್ಕೆ ಮತ್ತು ಉಳಿತಾಯಕ್ಕೆ 50. ಆಗ ಒಟ್ಟು 900, ಒಂದು ರೊಟ್ಟಿಗೆ 9 ರೂ. ನಿಮ್ಮ ಊರಿನ ರೇಟು ಬೇರೆ ಇರಬಹುದು, ಲೆಕ್ಕದ ದಾರಿ ಇದೇ. 9ಕ್ಕೆ ಗಿರಾಕಿ ಇಲ್ಲ ಅಂತಾದರೆ ರೊಟ್ಟಿ ಬಿಟ್ಟು ಬೇರೆ ತಿಂಡಿ ನೋಡಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗದ ಕಲ್ತಪ್ಪ, ಮಣ್ಣಿಯಂಥದ್ದಕ್ಕೆ ರೇಟು ಕೇಳುವುದು ಅಷ್ಟು ಕಷ್ಟವಲ್ಲ.

ಸಂಬಂಧದವರ ಕಡ

ನಮ್ಮಲ್ಲಿ ದೊಡ್ಡ ನಷ್ಟ ಸಂಬಂಧದವರ ಕಡದಿಂದ. “ಪೈಸೆ ಮತ್ತೆ ಕೊಡ್ತೇನೆ” ಅಂದ ನಾದಿನಿಯನ್ನು ಎರಡನೇ ಸಲ ಕೇಳಲು ನಾಚಿಕೆ. ಸಾಲದ ವ್ಯವಹಾರವನ್ನು ಬರೆದಿಡಬೇಕು ಅಂತ ಕುರ್‌ಆನಿನ ಅಲ್ ಬಖರ ಅಧ್ಯಾಯದ 282ನೇ ವಚನದಲ್ಲೇ ಇದೆ. ಹಾಗಿರುವಾಗ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು, ಮೊತ್ತ ಬರೆಯುವುದು ಜಿಪುಣತನವಲ್ಲ. ದೊಡ್ಡ ಆರ್ಡರಿಗೆ ಅರ್ಧ ಹಣ ಮೊದಲೇ ತೆಗೆದುಕೊಳ್ಳಿ. ಮನೆಗೆ ಬಂದ ನೆಂಟರಿಗೆ ತಿನ್ನಿಸುವುದು ಬೇರೆ, ವ್ಯಾಪಾರ ಬೇರೆ.

ನೂರು ರೂಪಾಯಿಯ ನೋಂದಣಿ

ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವರ್ಷಕ್ಕೆ 12 ಲಕ್ಷ ರೂ. ವಹಿವಾಟಿನವರೆಗಿನ ಸಣ್ಣ ತಯಾರಕರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಅಂತ 2011ರ ನಿಯಮಾವಳಿ ಹೇಳಿತು. ಶುಲ್ಕ ವರ್ಷಕ್ಕೆ 100 ರೂ. ಅಂತ ಇಟ್ಟಿತು. ಅರ್ಜಿ ಫಾಸ್ಕಾಸ್ ವೆಬ್‌ಸೈಟಿನಲ್ಲಿ. ಸಿಗುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇದ್ದರೆ ಬೇಕರಿಯವರಿಗೂ ಸೂಪರ್ ಮಾರ್ಕೆಟಿನವರಿಗೂ ಧೈರ್ಯ. ಏನೇನು ಹಾಕಿದೆ, ಎಷ್ಟು ತೂಕ, ಯಾವತ್ತು ಮಾಡಿದ್ದು, ಯಾವತ್ತಿನವರೆಗೆ ತಿನ್ನಬಹುದು, ಸಸ್ಯಾಹಾರವೋ ಮಾಂಸಾಹಾರವೋ, ಇಷ್ಟೂ ಲೇಬಲಿನಲ್ಲಿ ಬರಲಿ.

ಗ್ರೈಂಡರ್, ಒಲೆ ತೆಗೆಯಲು ನೆರವು ಬೇಕಿದ್ದರೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬ್ಯಾಂಕ್ ಸಾಲ ಮಾಡಿ ಯಂತ್ರೋಪಕರಣ ತೆಗೆದರೆ ಯೋಜನಾ ವೆಚ್ಚದ ಶೇ. 35ರಷ್ಟು ಸಬ್ಸಿಡಿ, ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂ.ವರೆಗೆ ಆರಂಭಿಕ ಬಂಡವಾಳ ಆ ಯೋಜನೆಯಲ್ಲಿತ್ತು. ಬಡ್ಡಿಯ ಸಾಲ ಬೇಡ ಎನ್ನುವವರು ಮನೆಯಲ್ಲಿರುವ ಪಾತ್ರೆಯಲ್ಲೇ ಶುರು ಮಾಡಿ, ಲಾಭದಿಂದಲೇ ಒಂದೊಂದು ಸಾಮಾನು ತೆಗೆಯಬಹುದು. ಲಿಜ್ಜತ್ ಹಪ್ಪಳ 1959ರಲ್ಲಿ ಮುಂಬೈಯ ಒಂದು ಕಟ್ಟಡದ ಮಹಡಿಯಲ್ಲಿ ಶುರುವಾದದ್ದು ಏಳು ಹೆಂಗಸರಿಂದ, 80 ರೂ. ಕೈಸಾಲದಿಂದ.

ಊರನ್ನು ನೋಡಿ ಹೊರಡಿ

ನಮ್ಮ ಕಡೆ ಮನೆಗಳು ತೋಟದ ಒಳಗೆ ದೂರ ದೂರ. ಬೆಳ್ಳಾರೆಯ ಒಳಗಿನ ಮನೆಯಿಂದ ಹತ್ತು ಸಮೋಸಕ್ಕೆ ಆಟೋ ಮಾಡಿದರೆ ಲಾಭವೆಲ್ಲ ಬಾಡಿಗೆಗೆ ಹೋಯಿತು. ಪುತ್ತೂರಿನ ಸೋಮವಾರದ ಸಂತೆಗೆ ಮನೆಯ ಗಂಡಸರು ಹೇಗೂ ಹೋಗುತ್ತಾರಲ್ಲ, ಆರ್ಡರುಗಳನ್ನು ಅಂಥ ದಿನಕ್ಕೆ ಒಟ್ಟು ಮಾಡಿ. ಮಳೆಗಾಲದಲ್ಲಿ ಕಡಬ, ಸುಳ್ಯದ ಕಡೆ ಕರೆಂಟಿನ ಭರವಸೆ ಇಲ್ಲ; ಹಿಂದಿನ ದಿನವೇ ಅರೆದಿಡಿ. ಹಲಸಿನ ಹಪ್ಪಳ ಮೊದಲ ಮಳೆಗೆ ಮುಂಚೆ ಒಣಗಿ ಡಬ್ಬಿ ಸೇರಿರಬೇಕು. ರಂಝಾನಿನ ಗಿರಾಕಿಯನ್ನು ನಂಬಿ ಇಡೀ ವರ್ಷದ ಲೆಕ್ಕ ಹಾಕಬೇಡಿ.

ಮನೆಯ ಗಂಡಸರಿಗೂ ಒಂದು ಮಾತು. ಅವಳ ದುಡಿಮೆಯ ಹಣ ಅವಳ ಹೆಸರಿನ ಖಾತೆಗೇ ಬೀಳಲಿ. ಗೂಗಲ್ ಪೇ ಕ್ಯೂಆರ್ ಕೋಡ್ ಯಾರ ಹೆಸರಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿ.